ಭೂಮಸೂದೆಯ ಮಾತು ಬಂದಾಗ ಏರುವ ದನಿ

ರಾಜಕೀಯದ ಚರ್ಚೆಯಲ್ಲಿ ಒಬ್ಬರ ದನಿ ಇದ್ದಕ್ಕಿದ್ದಂತೆ ಏರಿದರೆ, ಅವರ ಬಳಿ ಹೇಳಲು ಇನ್ನೇನೂ ಉಳಿದಿಲ್ಲ ಎಂದು ಎದುರಿನವರು ತೀರ್ಮಾನಿಸುವುದು ವಾಡಿಕೆ. ಭೂಸುಧಾರಣೆಯಲ್ಲಿ ಜಮೀನು ಕಳೆದುಕೊಂಡ ಮನೆಯ ಮಗಳಾಗಿ ಹುಟ್ಟಿ, ಅದೇ ಕಾನೂನಿನಿಂದ ಜಮೀನು ಪಡೆದ ಮನೆಗೆ ಸೊಸೆಯಾಗಿ ಬಂದ ನನಗೆ ಈ ತೀರ್ಮಾನ ಎಂದೂ ಒಪ್ಪಿಗೆಯಾಗಿಲ್ಲ. ನಮ್ಮ ಎರಡೂ ಮನೆಗಳಲ್ಲಿ ದನಿ ಏರುವುದು ಹೇಳಬೇಕಾದದ್ದು ಇನ್ನೂ ಬಹಳ ಉಳಿದಿರುವಾಗ, ಅದನ್ನು ಹೇಳಲು ಚರ್ಚೆಯ ಭಾಷೆ ಸಾಲದೆ ಹೋದಾಗ. ಈ ವಿಷಯದಲ್ಲಿ ನನಗೆ ಬಹಳ ವರ್ಷಗಳಿಂದ ಇರುವ ಯೋಚನೆಯನ್ನು ಬರೆದಿಡಬೇಕೆಂದು ಅನ್ನಿಸಿದ್ದರಿಂದ ಈ ಬರಹ.

ದಕ್ಷಿಣ ಕನ್ನಡದ ಹಿರಿಯರು ಇಂದಿಗೂ ಭೂಮಸೂದೆ ಎಂದು ಕರೆಯುವ ಕಾನೂನು, 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ. 1974ರ ಮಾರ್ಚ್ 1ರಂದು ಅದು ಜಾರಿಗೆ ಬಂದಾಗ, ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಒಮ್ಮೆಗೇ ಸರ್ಕಾರದ ವಶವಾಯಿತು. ಅದನ್ನು ಉಳುತ್ತಿದ್ದ ಒಕ್ಕಲು ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕನ್ನು, ಎಂದರೆ ಆ ಭೂಮಿಯನ್ನು ತನ್ನದಾಗಿ ಪಡೆಯುವ ಹಕ್ಕನ್ನು, ಕೇಳಬೇಕಾಯಿತು. ಊರಿನವರ ಬಾಯಲ್ಲಿ ಅದಕ್ಕೆ ಡಿಕ್ಲರೇಶನ್ ಕೊಡುವುದು ಎಂದು ಹೆಸರು. ಅರ್ಜಿಯನ್ನು ವಿಚಾರಿಸಲು ತಾಲೂಕಿಗೊಂದು ಭೂ ನ್ಯಾಯಮಂಡಳಿ ರಚನೆಯಾಯಿತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರಾದರೆ, ಸರ್ಕಾರ ನೇಮಿಸಿದ ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳು ಸುಮಾರು 8 ಲಕ್ಷ. ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಗೇಣಿ ಪದ್ಧತಿ ದಟ್ಟವಾಗಿದ್ದುದರಿಂದ ಅಲ್ಲಿ ಈ ಕಾನೂನು ತಟ್ಟದ ಮನೆ ಇರಲಿಲ್ಲ ಎಂದರೂ ಸಲ್ಲುತ್ತದೆ.

ಹೊರಗಿನವರು ಇದನ್ನು ಮೇಲ್ಜಾತಿಯ ಧಣಿಗಳು ಮತ್ತು ಕೆಳಜಾತಿಯ ಒಕ್ಕಲುಗಳ ನಡುವಿನ ಕಥೆ ಎಂದು ಓದುತ್ತಾರೆ. ಬಹುಮಟ್ಟಿಗೆ ಅದು ನಿಜ. ಆದರೆ ನಮ್ಮ ಬಂಟ ಸಮುದಾಯದಲ್ಲಿ ಧಣಿಗಳೂ ಇದ್ದರು, ಒಕ್ಕಲುಗಳೂ ಇದ್ದರು. ಒಂದೇ ಬಳಗದಲ್ಲಿ, ಕೆಲವೊಮ್ಮೆ ನೆಂಟರ ನಡುವೆಯೇ, ಗೇಣಿ ಕೊಡುವವರೂ ತೆಗೆದುಕೊಳ್ಳುವವರೂ ಇದ್ದರು. ಹೀಗಾಗಿ ನನ್ನ ಮದುವೆಯ ಮಾತುಕತೆಯಲ್ಲಿ ಜಾತಿಯ ಅಡ್ಡಿ ಬರಲಿಲ್ಲ. ಭೂಮಸೂದೆಯ ನೆನಪು ಮಾತ್ರ ಬಂದು ಕೂತಿತು. ನನ್ನ ತಾಯಿಯ ತಾಯಿ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವರು. ತವರಿನಿಂದ ಪಾಲಿಗೆ ಬಂದಿದ್ದ ಬೈಲುಗದ್ದೆಯನ್ನು ತಾವೇ ಮಾಡಿಸಲು ಮನೆಯಲ್ಲಿ ಗಂಡಾಳು ಇಲ್ಲದ ಕಾರಣ ಚಾಲಗೇಣಿಗೆ, ಎಂದರೆ ಕಾಯಂ ಅಲ್ಲದ, ವರ್ಷವರ್ಷದ ಗೇಣಿಗೆ ಕೊಟ್ಟು, ವರ್ಷಕ್ಕೆ ಬರುವ ಅಕ್ಕಿಮುಡಿಗಳಲ್ಲಿ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆಗಳಲ್ಲಿ) ಮಕ್ಕಳನ್ನು ಸಾಕಿದರು. 1961ರ ಮೂಲ ಕಾಯ್ದೆಯಲ್ಲಿ ವಿಧವೆಯರು, ಅಪ್ರಾಪ್ತ ಮಕ್ಕಳು, ಅಂಗವಿಕಲರು ಮುಂತಾದವರಿಗೆ ಭೂಮಿಯನ್ನು ಗೇಣಿಗೆ ಕೊಡಲು ವಿನಾಯಿತಿ ಇತ್ತು. 1974ರ ತಿದ್ದುಪಡಿ ಆ ವಿನಾಯಿತಿಯನ್ನು ತೆಗೆದುಹಾಕಿ, ಸೈನಿಕರಿಗೂ ನಾವಿಕರಿಗೂ ಮಾತ್ರ ಉಳಿಸಿತು. ಅಜ್ಜಿಯ ಗದ್ದೆ ಹೋಯಿತು. ನೂರಾರು ಮುಡಿ ಗೇಣಿ ಬರುತ್ತಿದ್ದ ಗುತ್ತಿನ ಮನೆಗಳು, ಎಂದರೆ ದೊಡ್ಡ ಜಮೀನುದಾರ ಮನೆತನಗಳು, ಹೇಗೋ ಸಾವರಿಸಿಕೊಂಡವು, ಅವರ ಮಕ್ಕಳು ಮುಂಬಯಿಗೆ ಹೋಗಿ ಹೋಟೆಲು ಮಾಡಿದರು. ಅಜ್ಜಿಯ ಮನೆಯಲ್ಲಿ ಎರಡು ಹೊತ್ತಿನ ಗಂಜಿ ಒಂದು ಹೊತ್ತಿಗೆ ಇಳಿಯಿತು ಎಂದು ನನ್ನ ಅಮ್ಮ ಹೇಳುತ್ತಾರೆ.

ನನ್ನ ಮಾವನ ಬಾಲ್ಯ ಇದರ ಎದುರು ದಡದಲ್ಲಿ ಕಳೆಯಿತು. ಅವರ ತಂದೆ ಕಾರ್ಕಳದ ಕಡೆಯ ಒಂದು ದೊಡ್ಡ ಮನೆಯ ಒಕ್ಕಲು. ಏಣೆಲಿನ, ಎಂದರೆ ಮಳೆಗಾಲದ ಮೊದಲ ಭತ್ತದ ಬೆಳೆ ಕೊಯ್ದು, ಬಡಿದು, ಅಕ್ಕಿ ಮಾಡಿ, ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಹೊತ್ತು ಹಾಕಿದ ಮೇಲೆ ಮನೆಯಲ್ಲಿ ಉಳಿದದ್ದರಲ್ಲಿ ಮಳೆಗಾಲದ ಆಟಿ ತಿಂಗಳು ದಾಟುತ್ತಿರಲಿಲ್ಲವಂತೆ. ಅವರು ಹಸಿವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಹೇಳುವುದು ಅಂಗಳದ ಬಗ್ಗೆ: ತಂದೆ ಜಗಲಿಯ ಮೇಲೆ ಕೂತವರ ಮುಂದೆ ಅಂಗಳದಲ್ಲಿ ನಿಂತೇ ಇರುತ್ತಿದ್ದದ್ದು, ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿ ಇದು ಸರಿಯಿಲ್ಲ ಎಂದು ಧಣಿಗಳ ಮನೆಯ ಹುಡುಗ, ಮಾವನಷ್ಟೇ ವಯಸ್ಸಿನವನು, ಚೆಲ್ಲಿದ್ದು. ಕಾನೂನು ಬರುತ್ತದೆಂಬ ಸುದ್ದಿ ಹಬ್ಬಿದಾಗ ಅವರ ದೊಡ್ಡಪ್ಪನಿಂದ, ಗೇಣಿಯನ್ನು ತಾನಾಗಿಯೇ ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಒಕ್ಕಲೆಬ್ಬಿಸಿದ್ದೂ ಇದೆ. ಮಾವನ ತಂದೆ ಹೆಬ್ಬೆಟ್ಟು ಕೊಡಲಿಲ್ಲ, ಡಿಕ್ಲರೇಶನ್ ಕೊಟ್ಟರು.

ಒಂದೇ ಕಾನೂನಿನ ಒಂದೇ ಅಂಶ ಎರಡು ಮನೆಗಳಲ್ಲಿ ಹೇಗೆ ಉಳಿದಿದೆ ಎಂಬುದಕ್ಕೆ ನ್ಯಾಯಮಂಡಳಿಯ ವಿಚಾರಣೆಗಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ. ಆಗ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ತೀರ್ಪಿನ ವಿರುದ್ಧ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತೆಯೂ ಇರಲಿಲ್ಲ, ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದೊಂದೇ ದಾರಿ. ಅಜ್ಜಿಯ ನೆನಪಿನಲ್ಲಿ ಇದು ಕಾನೂನು ಮಾಡಿದ ಅತ್ಯಂತ ಕ್ರೂರ ಕೆಲಸ. ಊರಿನ ಗಂಡಸರ ಮುಂದೆ ಎಂದೂ ಬಾಯಿ ತೆರೆಯದ ಹೆಂಗಸು, ತಾಲೂಕು ಕಚೇರಿಯಲ್ಲಿ ತನ್ನ ಪರವಾಗಿ ಮಾತಾಡುವವರು ಯಾರೂ ಇಲ್ಲದೆ, ಅಧಿಕಾರಿಗಳೂ ರಾಜಕೀಯದವರೂ ಕೂತ ಮೇಜಿನ ಮುಂದೆ ನಿಂತು, ಈ ಗದ್ದೆ ಹೋದರೆ ನನಗೆ ಬೇರೆ ದಿಕ್ಕಿಲ್ಲ ಎಂದು ಹೇಳಬೇಕಾಯಿತು. ಅದು ಕಾನೂನಿನ ಪ್ರಶ್ನೆಗೆ ಉತ್ತರವೇ ಅಲ್ಲವೆಂದು ಅವರಿಗೆ ತಿಳಿದಿರಲಿಲ್ಲ. ಮಾವನ ನೆನಪಿನಲ್ಲಿ ಅದೇ ನಿಯಮ ಕಾನೂನು ಮಾಡಿದ ಅತ್ಯಂತ ಕರುಣೆಯ ಕೆಲಸ. ಚಾಲಗೇಣಿಗೆ ಅನೇಕ ಕಡೆ ಕಾಗದವೇ ಇರಲಿಲ್ಲ. ಗೇಣಿ ಕೊಟ್ಟದ್ದಕ್ಕೆ ರಶೀದಿ ಕೇಳಿದರೆ ಗದ್ದೆಯೇ ಹೋಗುವ ಭಯ. ವಕೀಲರು ಬರಬಹುದೆಂದಿದ್ದರೆ ಧಣಿಗಳು ಮಂಗಳೂರಿನಿಂದ ಹೆಸರಾಂತ ವಕೀಲರನ್ನೇ ತರುತ್ತಿದ್ದರು, ತನ್ನ ತಂದೆಯಂಥವರು ಮೊದಲ ಪ್ರಶ್ನೆಗೇ ತಡವರಿಸಿ ಸೋಲುತ್ತಿದ್ದರು ಎನ್ನುತ್ತಾರೆ ಮಾವ. ಧಣಿ ಮತ್ತು ಒಕ್ಕಲು ಒಂದೇ ಮೇಜಿನ ಮುಂದೆ ಅಕ್ಕಪಕ್ಕದಲ್ಲಿ ನಿಂತದ್ದು ಅವರ ಪಾಲಿಗೆ ಅದೇ ಮೊದಲು. ಆ ದಿನವನ್ನು ಹೇಳುವಾಗ ಎಂಬತ್ತು ದಾಟಿದ ಅವರ ಬೆನ್ನು ಈಗಲೂ ನೆಟ್ಟಗಾಗುತ್ತದೆ.

ಇಂಥ ನೆನಪುಗಳಿರುವ ಇಬ್ಬರು ಚರ್ಚೆಗೆ ಕೂತರೆ ಕಿಡಿ ಎಲ್ಲಿ ಹಾರುತ್ತದೆ ಎಂಬುದನ್ನು ನಾನು ಗಮನಿಸುತ್ತ ಬಂದಿದ್ದೇನೆ. ಗೇಣಿಯ ಪ್ರಮಾಣ, ಪರಿಹಾರದ ಮೊತ್ತ, ಉತ್ಪಾದನೆ ಹೆಚ್ಚಿತೇ ಕುಗ್ಗಿತೇ ಎಂಬಂಥ ಪ್ರಶ್ನೆಗಳಲ್ಲಿ ಇಬ್ಬರೂ ಸಮಾಧಾನದಿಂದಲೇ ಭಿನ್ನಾಭಿಪ್ರಾಯ ಹೇಳಬಲ್ಲರು. ಎಲ್ಲರನ್ನೂ ಸೇರಿಸಿ ಹೇಳುವ ಒಂದು ಸಾಮಾನ್ಯ ವಾಕ್ಯ ಬಂದಾಗ ಮಾತು ಕೆಡುತ್ತದೆ. ಭೂಮಾಲೀಕರೆಲ್ಲ ಕೂತು ಉಂಡವರು ಎಂದು ಯಾರಾದರೂ ಅಂದರೆ ನನ್ನ ಅಮ್ಮನ ಕಣ್ಣಿಗೆ ಭೂಮಾಲೀಕರೆಂಬ ವರ್ಗ ಕಾಣುವುದಿಲ್ಲ, ಒಂದು ಹೊತ್ತು ಉಪವಾಸವಿದ್ದು ಮಕ್ಕಳಿಗೆ ಬಡಿಸಿದ ತನ್ನ ತಾಯಿ ಕಾಣುತ್ತಾರೆ. ಮಸೂದೆಯಲ್ಲಿ ಪುಕ್ಕಟೆ ಸಿಕ್ಕ ಭೂಮಿ ಎಂದು ನನ್ನ ಅಣ್ಣ ಒಮ್ಮೆ ಅಂದಾಗ ಮಾವ ತಟ್ಟೆಯ ಮುಂದಿನಿಂದ ಎದ್ದು ಹೋದರು. ಪುಕ್ಕಟೆ ಎಂಬುದು ಲೆಕ್ಕದಲ್ಲಿಯೂ ಸರಿಯಲ್ಲ, ಹಕ್ಕು ಪಡೆಯಲು ಒಕ್ಕಲುಗಳು ಸರ್ಕಾರಕ್ಕೆ ಹಣ ಕಟ್ಟಬೇಕಿತ್ತು. ಅವರನ್ನು ಎಬ್ಬಿಸಿದ್ದು ಆ ಲೆಕ್ಕವಲ್ಲ. ಮೂರು ತಲೆಮಾರು ಹೊತ್ತು ಹಾಕಿದ ಅಕ್ಕಿಗೆ ಬೆಲೆಯೇ ಇಲ್ಲವೆಂದು ಆ ಒಂದು ಪದ ಹೇಳಿದಂತಾಗಿತ್ತು. ಹೇಳಿದವನ ಮನಸ್ಸಿನಲ್ಲಿ ಅದು ಕಾನೂನಿನ ಬಗ್ಗೆ ಒಂದು ಅಭಿಪ್ರಾಯ. ಕೇಳಿದವನ ಪಾಲಿಗೆ ಅದು ತನ್ನ ತಂದೆಯ ಬಗ್ಗೆ ಆಡಿದ ಮಾತು.

ಇದು ಕರಾವಳಿಗಷ್ಟೇ ಸೇರಿದ ಸಂಗತಿಯಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಗಲು ಒಂದು ಮುಖ್ಯ ಕಾರಣ ಗೇಣಿ ಅಳೆಯುವ ಕೊಳಗದ ಗಾತ್ರ. ಸಮಾಜವಾದಿಗಳು ಅದನ್ನು ಕೈಗೆತ್ತಿಕೊಂಡರು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರಂಥ ನಾಯಕರ ರಾಜಕೀಯ ಅಲ್ಲಿ ಗಟ್ಟಿಯಾಯಿತು. ಭೂಮಿಯ ಒಡೆತನದ ಬಗ್ಗೆ ದೊಡ್ಡ ಸಿದ್ಧಾಂತ ಕೇಳದಿದ್ದವನಿಗೂ, ತನ್ನ ಬೆಳೆಯನ್ನು ತನ್ನ ಕಣ್ಣೆದುರೇ ದೊಡ್ಡ ಕೊಳಗದಲ್ಲಿ ಅಳೆದು ಒಯ್ಯುವುದು ಏನೆಂದು ವರ್ಷವರ್ಷವೂ ತಿಳಿಯುತ್ತಿತ್ತು. ಸಿದ್ಧಾಂತ ಆಮೇಲೆ ಬಂತು, ಆ ತಿಳಿವಿಗೆ ಹೆಸರು ಕೊಟ್ಟಿತು.

ನಮ್ಮ ಮನೆಗಳಲ್ಲಿ ಇನ್ನೂ ಒಂದು ವಿಷಯ ಹೀಗೆಯೇ ಇದೆ, ಅದು ಇಂದಿರಾ ಗಾಂಧಿಯವರ ಹೆಸರು. ಭೂ ನ್ಯಾಯಮಂಡಳಿಗಳು ಭರದಿಂದ ನಡೆದ ಕಾಲ ಮತ್ತು ತುರ್ತುಪರಿಸ್ಥಿತಿಯ ಕಾಲ ಬಹುಪಾಲು ಒಂದೇ. 1975ರಿಂದ 1977ರವರೆಗಿನ ಆ ತಿಂಗಳುಗಳಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರಂಥವರು ಬಂದಿಗಳಾಗಿದ್ದರು. ಅದೇ ಜೈಲಿನಲ್ಲಿ ಉಬ್ಬಸದಿಂದ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ತೀರಿಕೊಂಡರು. ನಮ್ಮ ತಂದೆಯ ಕಡೆಯ ಒಬ್ಬ ಹಿರಿಯರು ಕರಪತ್ರ ಹಂಚಿದ್ದಕ್ಕೆ ಜೈಲಿಗೆ ಹೋದವರು. ಇಂದಿರಾ ಎಂಬ ಹೆಸರು ಕಿವಿಗೆ ಬಿದ್ದರೆ ಅವರ ಕೈ ನಡುಗುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಗಂಡನ ಮನೆಯ ಗೋಡೆಯಲ್ಲಿ ಅದೇ ಇಂದಿರಾ ಅವರ ಚಿತ್ರ ದೇವರ ಪಟಗಳ ಸಾಲಿನಲ್ಲಿ ಇದೆ. 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ನೆಲಕಚ್ಚಿದ ಕಾಂಗ್ರೆಸ್ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಗೆದ್ದದ್ದು, ಮರುವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗೆದ್ದದ್ದು ಇಂಥ ಸಾವಿರಾರು ಮನೆಗಳ ಕೃತಜ್ಞತೆಯನ್ನು ಬಿಟ್ಟರೆ ನನಗೆ ಅರ್ಥವಾಗುವುದಿಲ್ಲ. ಒಬ್ಬರಿಗೆ ಮಾತಾಡುವ ಹಕ್ಕು ಹೋದ ಕಾಲ, ಇನ್ನೊಬ್ಬರಿಗೆ ಮೊದಲ ಬಾರಿ ಸರ್ಕಾರದ ಮುಂದೆ ಮಾತಾಡಲು ಸಿಕ್ಕ ಕಾಲ. ತುರ್ತುಪರಿಸ್ಥಿತಿ ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ. ಆದರೂ ಆ ಪಟವನ್ನು ಗೋಡೆಯಿಂದ ತೆಗೆಯಿರಿ ಎಂದು ಹೇಳುವ ಮನಸ್ಸು ನನಗೆ ಎಂದೂ ಬಂದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಸ್ವತಃ ಅನುಭವಿಸದವರಲ್ಲಿ ಈ ಭಾವನೆ ಎಲ್ಲಿಂದ ಬರುತ್ತದೆ ಎಂಬುದು. ನಾನು ಹುಟ್ಟುವಾಗ ಅಜ್ಜಿಯ ಗದ್ದೆ ಹೋಗಿ ವರ್ಷಗಳು ಕಳೆದಿದ್ದವು. ಆದರೂ ಆ ಬೈಲಿನ ಪಕ್ಕದ ರಸ್ತೆಯಲ್ಲಿ ಬಸ್ಸು ಹಾದುಹೋಗುವಾಗ ಅಮ್ಮ ಮಾತು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದರು, ನಾವು ಮಕ್ಕಳೂ ಸುಮ್ಮನಾಗುತ್ತಿದ್ದೆವು. ಏನಾಯಿತೆಂದು ಕೇಳುವ ಮೊದಲೇ ಏನೋ ಅನ್ಯಾಯವಾಗಿದೆ ಎಂಬುದು ಮನಸ್ಸಿನೊಳಗೆ ಇಳಿದುಬಿಟ್ಟಿತ್ತು. ಗಂಡನ ಮನೆಯಲ್ಲಿ ಅದು ಬೇರೆ ರೀತಿಯಲ್ಲಿ ಇಳಿದಿದೆ. ದೀಪಾವಳಿಯ ಬಲೀಂದ್ರ ಪೂಜೆಯಂದು ಗದ್ದೆಗೆ ದೀಪ ಇಡಲು ಮೊಮ್ಮಕ್ಕಳು ಎಲ್ಲಿದ್ದರೂ ಬರಬೇಕು, ಯಾವ ಸಂಕಟ ಬಂದರೂ ಮಸೂದೆಯ ಭೂಮಿಯನ್ನು ಮಾರಬಾರದು. ಕಾರಣ ಹೇಳದೆ ಕಲಿಸಿದ ಇಂಥ ಮೌನಗಳೂ ಕಟ್ಟಳೆಗಳೂ ಭಾವನೆಯನ್ನು ಮುಂದಿನ ತಲೆಮಾರಿಗೆ ಒಯ್ಯುತ್ತವೆ. ಅದರ ಹಿಂದಿನ ವಿವರಗಳನ್ನು ಒಯ್ಯುವುದಿಲ್ಲ. ಅಜ್ಜಿಗೆ ತನ್ನ ಒಕ್ಕಲಿನ ಹೆಸರು, ಅವನ ಹೆಂಡತಿಯ ಕಾಯಿಲೆ, ಅವನೂ ಕಷ್ಟದಲ್ಲಿದ್ದ ಎಂಬುದು ಗೊತ್ತಿತ್ತು. ಅವನ ಬಗ್ಗೆ ಅವರು ಸಿಟ್ಟಿನಿಂದ ಮಾತಾಡಿದ್ದು ನನಗೆ ನೆನಪಿಲ್ಲ, ಅವರ ಸಿಟ್ಟೆಲ್ಲ ಸರ್ಕಾರದ ಮೇಲೆ. ನನ್ನ ಅಣ್ಣನಿಗೆ ಆ ಒಕ್ಕಲಿನ ಹೆಸರು ಗೊತ್ತಿಲ್ಲ, ಸಿಟ್ಟು ಅಜ್ಜಿಗಿಂತ ಹೆಚ್ಚು. ಇಂದು ರಾಜಕೀಯದ ಜಗಳಗಳಲ್ಲಿ ಅತಿ ಕಠೋರವಾಗಿ ಮಾತಾಡುವವರಲ್ಲಿ ಅನೇಕರು ಹೀಗೆ ವಿವರ ಕಳೆದುಹೋದ ನೋವಿನ ವಾರಸುದಾರರು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಅನುಭವ ಎಷ್ಟರ ಮಟ್ಟಿಗೆ ಸಾಕ್ಷಿ? ನನ್ನ ಅಭಿಪ್ರಾಯದಲ್ಲಿ, ಕಾನೂನು ಒಬ್ಬ ಮನುಷ್ಯನಿಗೆ ಏನು ಮಾಡಿತು ಎಂಬುದಕ್ಕೆ ಅವನ ಅನುಭವಕ್ಕಿಂತ ದೊಡ್ಡ ಸಾಕ್ಷಿಯಿಲ್ಲ; ಕಾನೂನು ಇರಬೇಕಿತ್ತೇ ಬೇಡವೇ ಎಂಬುದಕ್ಕೆ ಅದೊಂದೇ ಸಾಲುವುದಿಲ್ಲ. 1974ರ ತಿದ್ದುಪಡಿ ನ್ಯಾಯವಾದದ್ದೆಂದು ನಾನು ಭಾವಿಸುತ್ತೇನೆ, ಅದನ್ನು ಅಮ್ಮನ ಎದುರಿನಲ್ಲಿಯೂ ಹೇಳಿದ್ದೇನೆ. ಲಕ್ಷಾಂತರ ಕುಟುಂಬಗಳನ್ನು ಅಂಗಳದಿಂದ ಮೇಲಕ್ಕೆತ್ತಿದ ಕಾನೂನು ಅದು. ಕರಾವಳಿಯಲ್ಲಿ ಒಕ್ಕಲು ಮನೆಗಳ ಮಕ್ಕಳು ಓದಿ, ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ಕೆಲಸ ಹಿಡಿದದ್ದರ ಹಿಂದೆ ಆ ಹಕ್ಕುಪತ್ರದ ಬಲವಿದೆ. ವಿಧವೆಯರ ವಿನಾಯಿತಿಯನ್ನು ತೆಗೆದದ್ದಕ್ಕೂ ಕಾರಣವಿತ್ತು, ಅಂಥ ಕಿಂಡಿಯಿದ್ದರೆ ದೊಡ್ಡ ಜಮೀನುದಾರರು ಮನೆಯ ಹೆಂಗಸರ ಹೆಸರಿಗೆ ಭೂಮಿ ಬರೆದು ಪಾರಾಗುವ ಸಾಧ್ಯತೆ ಬಹಳವಿತ್ತು. ಇಷ್ಟೆಲ್ಲ ತಿಳಿದ ಮೇಲೂ, ಬೇರೆ ಆಧಾರವಿಲ್ಲದ ಸಣ್ಣ ಹಿಡುವಳಿಯ ಹೆಂಗಸನ್ನು ನೂರು ಮುಡಿಯ ಧಣಿಯ ಸಾಲಿನಲ್ಲಿಯೇ ನಿಲ್ಲಿಸಿದ್ದು ತಪ್ಪೆಂದೇ ನಾನು ಹೇಳುತ್ತೇನೆ. ಇದನ್ನು ಅಮ್ಮನ ಬಾಯಿಂದ ಕೇಳದಿದ್ದರೆ ಕಾನೂನಿನ ಪುಸ್ತಕ ಓದಿ ನನಗೆ ಹೊಳೆಯುತ್ತಿರಲಿಲ್ಲ. ಅಮ್ಮ ನನ್ನ ಮೊದಲ ಮಾತನ್ನು ಒಪ್ಪಿಲ್ಲ. ಒಪ್ಪಬೇಕೆಂದು ನಾನು ಒತ್ತಾಯಿಸುವುದೂ ಇಲ್ಲ. ನಷ್ಟವನ್ನು ಹೊತ್ತವರೇ ಅದು ಸರಿಯಾಗಿತ್ತೆಂದು ಹೇಳಬೇಕೆಂದು ಕೇಳುವುದು ಅವರಿಂದ ಎರಡನೆಯ ಸಲ ವಸೂಲು ಮಾಡಿದಂತೆ.

ಧಣಿಯ ನೆನಪು, ಒಕ್ಕಲಿನ ನೆನಪು ಎಂದು ಇಷ್ಟು ಬರೆದರೂ ಆ ಗದ್ದೆಗಳಲ್ಲಿ ಮೂರನೆಯವರೊಬ್ಬರು ಇದ್ದರು. ನಾಟಿ ಮಾಡಿದವರು, ಕೊಯ್ದವರು, ಗೊಬ್ಬರ ಹೊತ್ತವರು. ಬಹುತೇಕ ದಲಿತ ಕುಟುಂಬಗಳಿಗೆ ಸೇರಿದ ಇವರನ್ನು ಮೂಲದಾಳುಗಳೆಂದು, ಎಂದರೆ ತಲೆತಲಾಂತರದಿಂದ ಒಂದೇ ಮನೆಗೆ ದುಡಿಯುವ ಆಳುಗಳೆಂದು, ಕರೆಯುತ್ತಿದ್ದ ಕಾಲವೂ ದೂರದ್ದಲ್ಲ. ಗೇಣಿಗೆ ಹಿಡಿದವರಿಗೆ ನಮೂನೆ 7 ಇತ್ತು. ಕೂಲಿಗೆ ದುಡಿದವರು ತುಂಬಬಹುದಾದ ಅಂಥ ನಮೂನೆ ಇರಲಿಲ್ಲ. ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಆ ಗುಡಿಸಲಿನ ಅಡಿಯ ನೆಲದ ಹಕ್ಕನ್ನು ಕಾಯ್ದೆ ಕೊಟ್ಟಿತು. ಸಣ್ಣದಲ್ಲ ಅದು, ಒಕ್ಕಲೆಬ್ಬಿಸುವ ಬೆದರಿಕೆಯಿಂದ ಪಾರು ಮಾಡಿತು. ಆದರೆ ಅವರು ಉತ್ತುಬಿತ್ತಿದ ಗದ್ದೆ ಅವರದಾಗಲಿಲ್ಲ. ಅಜ್ಜಿಯ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸು ಒಡೆತನ ಬದಲಾದ ಮೇಲೆಯೂ ಅದೇ ಗದ್ದೆಯಲ್ಲಿ ನಾಟಿ ಮಾಡಿದರು, ಕೂಲಿ ಕೊಡುವ ಕೈ ಮಾತ್ರ ಬೇರೆಯಾಯಿತು. ಅವರ ಮಗಳು ನನಗೆ ಪರಿಚಯ. ಭೂಮಸೂದೆಯ ಬಗ್ಗೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಿದ್ದರು ಎಂದು ಕೇಳಿದಾಗ, ಅದು ನಿಮ್ಮವರ ವ್ಯವಹಾರ ಅಕ್ಕ, ನಮ್ಮನ್ನು ಯಾರೂ ಕೇಳಲಿಲ್ಲ ಎಂದರು, ಬಹಳ ಶಾಂತವಾಗಿ.

ಆ ಶಾಂತತೆಯನ್ನು ಯೋಚಿಸಿದಷ್ಟೂ ನನಗೆ ಕಳವಳವಾಗುತ್ತದೆ. ಚರ್ಚೆಯಲ್ಲಿ ಯಾರ ದನಿ ಏರುತ್ತದೋ ಅವರ ಅನುಭವವಾದರೂ ಕೋಣೆಯೊಳಗೆ ಬರುತ್ತದೆ. ಅಣ್ಣ ಮತ್ತು ಮಾವ ಪರಸ್ಪರ ಸಿಟ್ಟಾಗುವುದು, ತಮ್ಮ ಮಾತು ಕೇಳಲ್ಪಡುತ್ತದೆ ಎಂಬ ನಿರೀಕ್ಷೆ ಇಬ್ಬರಿಗೂ ಇರುವುದರಿಂದ. ಆ ನಿರೀಕ್ಷೆಯೇ ಇಲ್ಲದವರು ಸಿಟ್ಟಾಗುವುದಿಲ್ಲ, ಅವರನ್ನು ನಾವು ಸಂಯಮಿಗಳೆಂದು ಹೊಗಳಿ ಮುಂದೆ ಹೋಗುತ್ತೇವೆ. ಭಾವಾವೇಶವಿಲ್ಲದ ಚರ್ಚೆಯೇ ಉತ್ತಮ ಚರ್ಚೆ ಎಂದು ಹೇಳುವವರನ್ನು ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ.

2020ರ ಜುಲೈಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದಾಗ ಹಳೆಯ ಜಗಳ ಹೊಸ ರೂಪದಲ್ಲಿ ಮನೆಗೆ ಬಂತು. ಕೃಷಿಯೇತರ ಆದಾಯ ಒಂದು ಮಿತಿಯನ್ನು, 2015ರ ನಂತರ ವರ್ಷಕ್ಕೆ 25 ಲಕ್ಷ ರೂಪಾಯಿಯನ್ನು, ಮೀರಿದವರೂ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವುದನ್ನು ಆ ಕಲಮುಗಳು ತಡೆದಿದ್ದವು. ಅಣ್ಣ ತಿದ್ದುಪಡಿಯ ಪರ: ಮಕ್ಕಳು ಯಾರೂ ಊರಿನಲ್ಲಿಲ್ಲದ, ಅಡಿಕೆ ತೋಟ ನೋಡಿಕೊಳ್ಳಲಾಗದ ಮುದುಕರು ಪಕ್ಕದ ಜಮೀನಿನವರು ಹೇಳಿದ ಬೆಲೆಗೇ ಮಾರಬೇಕಾದ ಸ್ಥಿತಿಯನ್ನು ಅವನು ಕಣ್ಣಾರೆ ಕಂಡಿದ್ದಾನೆ. ಮಾವ ವಿರುದ್ಧ: ಹಣವಂತರಿಗೆ ಬಾಗಿಲು ತೆರೆದರೆ ಸಾಲದಲ್ಲಿರುವ ಸಣ್ಣ ಹಿಡುವಳಿದಾರನೇ ಮೊದಲು ಹೊರಗೆ ಹೋಗುವುದು, ಅವನ ಮೊಮ್ಮಗ ಮತ್ತೆ ಯಾರದೋ ಅಂಗಳದಲ್ಲಿ ನಿಲ್ಲುವುದು ಎನ್ನುತ್ತಾರೆ. ನಾನು ಮಾವನ ಕಡೆ. ಈ ಸಲ ನಾನು ಮಾಡಿದ್ದು ಇಷ್ಟೇ: ಇಬ್ಬರನ್ನೂ, ಈ ಮಾತನ್ನು ಯಾರನ್ನು ನೆನೆದು ಹೇಳುತ್ತಿದ್ದೀರಿ ಎಂದು ಕೇಳಿದೆ. ಅಣ್ಣ ನಮ್ಮ ಸೋದರಮಾವನ ಹೆಸರು ಹೇಳಿದ. ಹೃದಯದ ಚಿಕಿತ್ಸೆಗೆ ಹಣ ಬೇಕಾದಾಗ ಅವರು ತೋಟವನ್ನು ಎಷ್ಟು ಕಡಿಮೆಗೆ ಬಿಟ್ಟುಕೊಟ್ಟರು ಎಂಬುದು ಮಾವನಿಗೆ ಆವರೆಗೆ ಗೊತ್ತಿರಲಿಲ್ಲ. ಮಾವ ತಮ್ಮ ದೊಡ್ಡಪ್ಪನ ಹೆಬ್ಬೆಟ್ಟಿನ ಕಾಗದದ ಸಂಗತಿಯನ್ನು ಹೇಳಿದರು, ಅಣ್ಣ ಅದನ್ನು ಮೊದಲ ಬಾರಿ ಕೇಳಿದ. ಇಬ್ಬರ ನಿಲುವೂ ಬದಲಾಗಲಿಲ್ಲ. ಆದರೆ ಮಾತು ಮುಂದುವರಿಯಿತು: ಕಷ್ಟದಲ್ಲಿ ಮಾರುವವನಿಗೆ ನ್ಯಾಯವಾದ ಬೆಲೆ ಸಿಗುವಂತೆ ಸರ್ಕಾರವೋ ಸಹಕಾರಿ ಸಂಘವೋ ಕೊಳ್ಳುವ ವ್ಯವಸ್ಥೆ ಸಾಧ್ಯವೇ, ಹಾಗೆ ಕೊಂಡ ಭೂಮಿ ಯಾರಿಗೆ ಹೋಗಬೇಕು ಎಂಬ ಪ್ರಶ್ನೆಯವರೆಗೆ. ಅದು ಭೂಮಿಯೇ ಸಿಗದ ಕೂಲಿಯವರಿಗೆ ಹೋಗಬೇಕೆಂದು ನಾನು ಹೇಳಿದೆ. ಮಾವ ತಲೆಯಾಡಿಸಿದರು; ಅಣ್ಣ ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದ, ಆ ಪ್ರಶ್ನೆಯ ಮೇಲೆ ನಮ್ಮ ವಾದ ಈಗಲೂ ನಡೆದಿದೆ.